ಕೋತಿ ನಂಬರ್ 766: ಒಂದು ಸಣ್ಣ ಜ್ವರದ ಪ್ರಕರಣ

ಕೋತಿಗೆ ಜ್ವರ ಬಂದಿತ್ತು. ಅಷ್ಟೇ, ಬೇರೇನೂ ಆಗಿರಲಿಲ್ಲ. 1947ರ ಏಪ್ರಿಲ್ 18ರಂದು ಅದರ ಮೈ ಶಾಖ 39.7 ಡಿಗ್ರಿ ಸೆಲ್ಸಿಯಸ್ ಇತ್ತು. ನಮಗಾದರೆ ಇದು ಹಾಸಿಗೆ ಹಿಡಿಸುವ ಜ್ವರ. ಕೋತಿಗಳ ಮೈ ಮಾಮೂಲಿಯಾಗಿಯೇ ನಮಗಿಂತ ಬಿಸಿ, ಹಾಗಾಗಿ ಅದಕ್ಕೆ ಇದು ಮೈ ಸ್ವಲ್ಪ ಬೆಚ್ಚಗಾದ ಹಾಗೆ. ದಿನಾ ಬೋನಿನ ಹತ್ತಿರ ಹೋಗಿ ಥರ್ಮಾಮೀಟರ್ ಇಟ್ಟು ನೋಡುವವರು ಇಲ್ಲದಿದ್ದರೆ ಆ ಜ್ವರ ಬಂದದ್ದೂ ಹೋದದ್ದೂ ಯಾರಿಗೂ ತಿಳಿಯುತ್ತಿರಲಿಲ್ಲ.

ಆ ಕೋತಿಗೆ ಹೆಸರಿರಲಿಲ್ಲ, ನಂಬರ್ ಇತ್ತು. ಉಗಾಂಡಾದ ಎಂಟೆಬೆ ಪಟ್ಟಣದ ಹತ್ತಿರ, ವಿಕ್ಟೋರಿಯಾ ಸರೋವರದ ಜೌಗು ನೆಲಕ್ಕೆ ಅಂಟಿಕೊಂಡು ಝಿಕಾ ಅನ್ನುವ ಪುಟ್ಟ ಕಾಡೊಂದಿದೆ. ಅಲ್ಲಿ ಮರದ ಮೇಲೆ ಅಟ್ಟಣೆ ಕಟ್ಟಿ, ಅಟ್ಟಣೆ ಮೇಲೆ ಬೋನು ಇಟ್ಟು, ಬೋನಿನೊಳಗೆ 766ನೇ ನಂಬರಿನ ರೀಸಸ್ ಕೋತಿಯನ್ನು ಕೂರಿಸಿದ್ದರು. ಸೊಳ್ಳೆಗಳು ಬಂದು ಕಚ್ಚಲಿ ಅಂತಲೇ.

ಕಚ್ಚುವ ಕೀಟಗಳು ಎಷ್ಟೆಲ್ಲ ಬಗೆಯ ವೈರಸ್‌ಗಳನ್ನು ಹೊತ್ತು ತಿರುಗುತ್ತವೆ ಅನ್ನುವುದು ನಮಗೆ ಹೇಗೆ ಗೊತ್ತಾಯಿತು? ಇದನ್ನು ವಿವರಿಸಲು ಈ ಜ್ವರಕ್ಕಿಂತ ಒಳ್ಳೆಯ ಪ್ರಕರಣ ನನಗೆ ಸಿಕ್ಕಿಲ್ಲ. ಈ ಜ್ವರದಿಂದ ಒಂದು ವೈರಸ್ ಸಿಕ್ಕಿತು, ಝಿಕಾ ಅಂತ ಹೆಸರೂ ಇಟ್ಟರು, ಆಮೇಲೆ ಅರವತ್ತು ವರ್ಷ ಅದು ಏನು ಮಾಡುತ್ತದೆ ಅನ್ನುವುದೇ ತಿಳಿಯಲಿಲ್ಲ. ಆ ಅರವತ್ತು ವರ್ಷ ಯಾಕೆ ಹಿಡಿಯಿತು ಅನ್ನುವುದೇ ಇಲ್ಲಿ ನನ್ನ ಪ್ರಶ್ನೆ.

ಹುಡುಕುತ್ತಿದ್ದದ್ದು ಬೇರೆ

ಎಂಟೆಬೆಯಲ್ಲಿ 1936ರಲ್ಲಿ ಹಳದಿ ಜ್ವರದ ಸಂಶೋಧನಾ ಸಂಸ್ಥೆ ಶುರುವಾಯಿತು. ಹಿಂದೆ ಇದ್ದದ್ದು ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್. ಹೆಸರೇ ಹೇಳುವ ಹಾಗೆ, ಅವರಿಗೆ ಬೇಕಿದ್ದದ್ದು ಒಂದೇ ಒಂದು ವೈರಸ್.

ಹಳದಿ ಜ್ವರವನ್ನು ಊರಿನಲ್ಲಿ ಹರಡುವುದು ಈಡಿಸ್ ಈಜಿಪ್ಟೈ ಸೊಳ್ಳೆ ಅನ್ನುವುದು ಆಗಲೇ ಗೊತ್ತಿತ್ತು. ಆದರೆ ಆ ಸೊಳ್ಳೆ ಮನುಷ್ಯರನ್ನು ಕಚ್ಚುವುದೇ ಅಪರೂಪವಾಗಿದ್ದ ಕಡೆಯೂ ಜನರ ರಕ್ತದಲ್ಲಿ ಹಳದಿ ಜ್ವರದ ಪ್ರತಿಕಾಯ, ಅಂದರೆ ತಗುಲಿದ ವೈರಸ್ಸನ್ನು ತಡೆಯಲು ಮೈ ತಯಾರಿಸಿಕೊಳ್ಳುವ ಪ್ರೋಟೀನು, ಸಿಗುತ್ತಿತ್ತು. ಅಂದರೆ ಕಾಡಿನಲ್ಲಿ ಬೇರೆ ಯಾವುದೋ ದಾರಿ ಇರಬೇಕು. ಪಶ್ಚಿಮ ಉಗಾಂಡಾದ ಬ್ವಾಂಬಾ ಪ್ರದೇಶದಲ್ಲಿ ಆ ದಾರಿಯನ್ನು ಅವರು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿದರು. ಮರದ ತುದಿಯಲ್ಲಿ ಈಡಿಸ್ ಆಫ್ರಿಕಾನಸ್ ಅನ್ನುವ ಸೊಳ್ಳೆ ಕೋತಿಯಿಂದ ಕೋತಿಗೆ ವೈರಸ್ ದಾಟಿಸುತ್ತದೆ. ಆ ಕೋತಿಗಳು ಬಾಳೆತೋಟಕ್ಕೆ ನುಗ್ಗುತ್ತವೆ. ಬಾಳೆ ಎಲೆಯ ಕಂಕುಳಲ್ಲಿ ನಿಂತ ನೀರಿನಲ್ಲಿ ಈಡಿಸ್ ಸಿಂಪ್ಸೋನಿ ಅನ್ನುವ ಇನ್ನೊಂದು ಸೊಳ್ಳೆ ಮರಿ ಮಾಡಿರುತ್ತದೆ. ಅದು ಕೋತಿಯನ್ನೂ ಕಚ್ಚುತ್ತದೆ, ತೋಟದವರನ್ನೂ ಕಚ್ಚುತ್ತದೆ. ಎಷ್ಟು ಸಲ ಓದಿದರೂ ಬೇಜಾರಾಗದ ಪತ್ತೇದಾರಿ ಕೆಲಸ ಇದು.

ಝಿಕಾ ಕಾಡಿನ ಕೋತಿಗಳು ಇದೇ ಕೆಲಸದ ಮುಂದುವರಿಕೆ. ರೀಸಸ್ ಏಷ್ಯಾದ ಕೋತಿ. ಆಫ್ರಿಕಾದ ಕಾಡುಕೋತಿಗಳಿಗೆ ಹಳದಿ ಜ್ವರ ತಗುಲಿದರೂ ಸಾಮಾನ್ಯವಾಗಿ ಮೇಲ್ನೋಟಕ್ಕೆ ಏನೂ ಕಾಣದು, ರೀಸಸ್‌ಗೆ ಜೋರಾಗಿಯೇ ಬರುತ್ತದೆ. ಜೊತೆಗೆ ಆಫ್ರಿಕಾದ ವೈರಸ್‌ಗಳ ಪರಿಚಯ ಅದರ ಮೈಗೆ ಇರುವುದಿಲ್ಲ. ಹಾಗಾಗಿ ಅದನ್ನು ಕಾವಲಿಗೆ ಕೂರಿಸಿದರು. ಮರದ ಮೇಲೆ ಕೂತ ಕೋತಿಗೆ ಜ್ವರ ಬಂತು ಅಂದರೆ ಆ ಮರದ ಸೊಳ್ಳೆಗಳಲ್ಲಿ ಏನೋ ಇದೆ ಅಂತ ಲೆಕ್ಕ.

ಮರದ ಮೇಲೆ, ಹೊತ್ತು ಮುಳುಗುವಾಗ

ಸೊಳ್ಳೆ ಹಿಡಿಯುವ ಕೆಲಸವನ್ನು ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಬೇಕು. ವೈರಸ್ ಪತ್ತೆ ಅಂದಕೂಡಲೇ ಬಿಳಿ ಕೋಟು, ಗಾಜಿನ ಕೊಳವೆ ನೆನಪಾಗುತ್ತದೆ, ಅಲ್ವಾ? ಇದರ ಮುಕ್ಕಾಲು ಪಾಲು ಕೆಲಸ ನಡೆಯುವುದು ಕೆಸರಿನಲ್ಲಿ, ಕತ್ತಲಲ್ಲಿ, ಏಣಿಯ ಮೇಲೆ.

ಎಂಟೆಬೆ ತಂಡದ ಕೀಟ ವಿಜ್ಞಾನಿ ಅಲೆಕ್ಸಾಂಡರ್ ಹ್ಯಾಡೋ. ಯಾವ ಸೊಳ್ಳೆ, ನೆಲದಿಂದ ಎಷ್ಟು ಎತ್ತರದಲ್ಲಿ, ದಿನದ ಯಾವ ಗಂಟೆಯಲ್ಲಿ ಕಚ್ಚುತ್ತದೆ ಅನ್ನುವುದು ಆತನಿಗೆ ಹುಚ್ಚು ಹಿಡಿಸಿದ ಪ್ರಶ್ನೆ. ಅದಕ್ಕಾಗಿ ನೆಲದ ಮೇಲೆ, ಮರದ ನಡುವೆ, ತುದಿಯಲ್ಲಿ ಅಟ್ಟಣೆಗಳು. ಒಂದೊಂದರಲ್ಲೂ ಸ್ಥಳೀಯ ಕೆಲಸಗಾರರು. ಬರಿಗಾಲು ಚಾಚಿ ಕೂರಬೇಕು. ಸೊಳ್ಳೆ ಬಂದು ಕಾಲ ಮೇಲೆ ಕೂತ ತಕ್ಷಣ ಗಾಜಿನ ಕೊಳವೆಯನ್ನು ಅದರ ಮೇಲೆ ಬೋರಲು ಹಾಕಿ ಹಿಡಿಯಬೇಕು, ಆಮೇಲೆ ಕೊಳವೆಯ ಬಾಯಿ ಮುಚ್ಚಿ ಗಂಟೆ ಬರೆದಿಡಬೇಕು. ಹೀಗೆ ಪಾಳಿ ಮೇಲೆ ಇಪ್ಪತ್ನಾಲ್ಕು ಗಂಟೆ. ಹೊಡೆದು ಸಾಯಿಸುವ ಹಾಗಿಲ್ಲ, ಅಪ್ಪಚ್ಚಿಯಾದ ಸೊಳ್ಳೆ ಯಾವ ಜಾತಿ ಅಂತ ಗುರುತಿಸುವುದು ಕಷ್ಟ.

ಈ ಕೂತು ನೋಡುವ ಕೆಲಸದಿಂದ ತಿಳಿದದ್ದು ದೊಡ್ಡದು. ಈಡಿಸ್ ಆಫ್ರಿಕಾನಸ್ ಜಾಸ್ತಿ ಕಚ್ಚುವುದು ಮರದ ತುದಿಯಲ್ಲಿ, ಅದೂ ಸೂರ್ಯ ಮುಳುಗಿದ ಮೇಲಿನ ಒಂದು ಗಂಟೆಯ ಒಳಗೆ. ಕೋತಿಗಳು ರಾತ್ರಿ ಮಲಗಲು ಮರದ ತುದಿ ಸೇರುವ ಹೊತ್ತೂ ಅದೇ. ನೆಲದ ಮೇಲೆ ಹಗಲು ಹೊತ್ತು ಬಲೆ ಬೀಸಿದವನಿಗೆ ಈ ಕಾಡಿನಲ್ಲಿ ಆ ಸೊಳ್ಳೆ ಇದೆ ಅನ್ನುವುದೇ ಸರಿಯಾಗಿ ತಿಳಿಯುತ್ತಿರಲಿಲ್ಲ. ಸೊಳ್ಳೆ ಸಿಗದಿದ್ದರೆ ಅದರ ಹೊಟ್ಟೆಯೊಳಗಿನ ವೈರಸ್ ಎಲ್ಲಿಂದ ಸಿಗಬೇಕು? ಮುಂದೆ ಹ್ಯಾಡೋ 120 ಅಡಿ ಎತ್ತರದ ಉಕ್ಕಿನ ಗೋಪುರವನ್ನೇ ನಿಲ್ಲಿಸಿದ. ಮೊದಲು ಎಂಪಂಗಾ ಕಾಡಿನಲ್ಲಿದ್ದ ಅದನ್ನು ಆಮೇಲೆ ಝಿಕಾ ಕಾಡಿಗೆ ತಂದರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಝಿಕಾ ವೈರಸ್ಸಿನ ಮೊದಲ ಪ್ರಬಂಧದ ಲೇಖಕರು ಮೂವರು: ಜಾರ್ಜ್ ಡಿಕ್, ಸ್ಟುವರ್ಟ್ ಕಿಚನ್, ಅಲೆಕ್ಸಾಂಡರ್ ಹ್ಯಾಡೋ. ಕಾಲು ಚಾಚಿ ಕೂತವರು ಆ ಪಟ್ಟಿಯಲ್ಲಿ ಇಲ್ಲ. ಆ ಕಾಲದ ರೀತಿ ಅದು. ಹಾಗಂತ ಅದು ಕಣ್ಣಿಗೆ ಬೀಳದೆ ಇರುವುದಿಲ್ಲ.

ಇಲಿಯ ಮಿದುಳಿನ ಜಾಲರಿ

ಜ್ವರ ಬಂದ ಮೂರನೇ ದಿನ 766ರ ರಕ್ತ ತೆಗೆದರು. ಅದರ ಸೀರಮ್ಮನ್ನು, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯನ್ನು, ಬಿಳಿ ಇಲಿಗಳಿಗೆ ಚುಚ್ಚಿದರು. ಕೆಲವಕ್ಕೆ ಹೊಟ್ಟೆಗೆ, ಕೆಲವಕ್ಕೆ ನೇರವಾಗಿ ಮಿದುಳಿಗೆ. ಇನ್ನೊಂದು ರೀಸಸ್ ಕೋತಿ, ನಂಬರ್ 771ಕ್ಕೆ, ಚರ್ಮದ ಕೆಳಗೆ ಕೊಟ್ಟರು.

771 ಚೆನ್ನಾಗಿಯೇ ಇತ್ತು. ಹೊಟ್ಟೆಗೆ ಚುಚ್ಚಿಸಿಕೊಂಡ ಇಲಿಗಳೂ ಚೆನ್ನಾಗಿದ್ದವು. ಮಿದುಳಿಗೆ ಚುಚ್ಚಿಸಿಕೊಂಡವು ಮಾತ್ರ ಹತ್ತನೇ ದಿನಕ್ಕೆ ಕಾಯಿಲೆ ಬಿದ್ದವು. ಅವುಗಳ ಮಿದುಳನ್ನು ಅರೆದು, ಬ್ಯಾಕ್ಟೀರಿಯಾ ದಾಟದಂಥ ಫಿಲ್ಟರಿನಲ್ಲಿ ಸೋಸಿ, ಬೇರೆ ಇಲಿಗಳಿಗೆ ಕೊಟ್ಟರೆ ಅವೂ ಬಿದ್ದವು. ಅಂದರೆ ಸೋಸಿದರೂ ಉಳಿಯುವ, ಒಂದರಿಂದ ಒಂದಕ್ಕೆ ದಾಟುವ ಏನೋ ಇದೆ.

ಮಿದುಳೇ ಯಾಕೆ? ಇದಕ್ಕೂ ಹಳದಿ ಜ್ವರವೇ ಕಾರಣ. ಇಲಿಗೆ ಹಳದಿ ಜ್ವರದ ವೈರಸ್ಸನ್ನು ಬೇರೆ ಕಡೆ ಚುಚ್ಚಿದರೆ ಹೆಚ್ಚೇನೂ ಆಗುವುದಿಲ್ಲ, ಮಿದುಳಿಗೆ ಚುಚ್ಚಿದರೆ ಬೆಳೆಯುತ್ತದೆ ಅಂತ 1930ರಲ್ಲಿ ಮ್ಯಾಕ್ಸ್ ಥೈಲರ್ ತೋರಿಸಿದ್ದ. ದುಬಾರಿ ಕೋತಿಗಳ ಬದಲು ಇಲಿ ಸಾಕು ಅನ್ನುವಂತಾಯಿತು. ಹಳದಿ ಜ್ವರದ ಲ್ಯಾಬ್‌ಗಳೆಲ್ಲ ಇದೇ ವಿಧಾನ ಹಿಡಿದವು. ಆದರೆ ಇಲಿಯ ಮಿದುಳಿಗೆ ಹಳದಿ ಜ್ವರ ಒಂದೇ ಗೊತ್ತು ಅಂತೇನಿಲ್ಲವಲ್ಲ. ಅಲ್ಲಿ ಬೆಳೆಯಬಲ್ಲ ಯಾವ ವೈರಸ್ ಬಂದರೂ ಇಲಿ ಬೀಳುತ್ತದೆ. ಒಂದು ಮೀನಿಗೆ ಅಂತ ಹೆಣೆದ ಬಲೆಗೆ ಆ ಅಳತೆಯ ಮೀನುಗಳೆಲ್ಲ ಬೀಳತೊಡಗಿದವು.

766ಕ್ಕೂ ಮೊದಲೇ ಹೀಗೆ ಎಷ್ಟೋ ಬಿದ್ದಿದ್ದವು. 1937ರಲ್ಲಿ ಉಗಾಂಡಾದ ವೆಸ್ಟ್ ನೈಲ್ ಜಿಲ್ಲೆಯಲ್ಲಿ ಜ್ವರ ಬಂದ ಹೆಂಗಸೊಬ್ಬಳ ರಕ್ತದಲ್ಲಿ ಒಂದು ವೈರಸ್ ಸಿಕ್ಕಿತು. ಅದೇ ಇವತ್ತಿನ ವೆಸ್ಟ್ ನೈಲ್ ವೈರಸ್. ಅದೇ ವರ್ಷ ಬ್ವಾಂಬಾ ವೈರಸ್. 1942ರಲ್ಲಿ ಸೆಮ್ಲಿಕಿ ಕಾಡಿನ ಸೊಳ್ಳೆಗಳಿಂದ ಸೆಮ್ಲಿಕಿ ಫಾರೆಸ್ಟ್ ವೈರಸ್. 1943ರಲ್ಲಿ ಅದೇ ಕಡೆ ಬುನ್ಯಾಮ್ವೆರಾ. ಯಾವುದೂ ಹುಡುಕಿ ಹೊರಟದ್ದಲ್ಲ. ಒಂದೊಂದಕ್ಕೂ ಸಿಕ್ಕ ಜಾಗದ ಹೆಸರು. ಹತ್ತೇ ವರ್ಷದಲ್ಲಿ ಒಂದೇ ಸಂಸ್ಥೆ, ಬೇರೆ ವೈರಸ್ ಹುಡುಕುತ್ತಾ, ಇಷ್ಟನ್ನು ಕಂಡಿತು ಅಂದರೆ ಆ ಕಾಡುಗಳಲ್ಲಿ ಇನ್ನೆಷ್ಟು ಇದ್ದಿರಬೇಕು? ಕೀಟಗಳು ಹೊತ್ತ ವೈರಸ್‌ಗಳು ಒಂದೆರಡಲ್ಲ, ದೊಡ್ಡ ಸಂತೆಯೇ ಇದೆ ಅನ್ನುವ ಅನುಮಾನ ಇಂಥ ಲ್ಯಾಬ್‌ಗಳಲ್ಲೇ ಗಟ್ಟಿಯಾಯಿತು.

766ರ ವಿಷಯದಲ್ಲಿ ಮುಂದಿನ ಪ್ರಶ್ನೆ, ಇದು ಹಳೆಯದೋ ಹೊಸದೋ ಅನ್ನುವುದು. ಹಳದಿ ಜ್ವರದ ಪ್ರತಿಕಾಯ ಇರುವ ಸೀರಮ್ ಬೆರೆಸಿದರು, ವೈರಸ್ ಸುಮ್ಮನಾಗಲಿಲ್ಲ. ಡೆಂಗಿಯದ್ದು ಬೆರೆಸಿದರು, ಆಗಲೂ ಇಲ್ಲ. 766 ಚೇತರಿಸಿಕೊಂಡ ಮೇಲೆ ತೆಗೆದ ಸೀರಮ್ ಬೆರೆಸಿದರು, ಸುಮ್ಮನಾಯಿತು. ಅದೇ ಕೋತಿಯ ಜ್ವರಕ್ಕೆ ಮೊದಲಿನ ಸೀರಮ್ಮಿಗೆ ಆ ಶಕ್ತಿ ಇರಲಿಲ್ಲ. ಈ ಕೊನೆಯ ಪರೀಕ್ಷೆ ನನಗೆ ಬಹಳ ಇಷ್ಟ. ವೈರಸ್ ಲ್ಯಾಬಿನ ಇಲಿಗಳಲ್ಲೇ ಮೊದಲಿನಿಂದ ಇದ್ದಿರಬಹುದಲ್ಲ ಅಂತ ಯಾರಾದರೂ ಕೇಳಿದರೆ ಅದೇ ಉತ್ತರ. ಕೋತಿಯ ಮೈ ಆ ವೈರಸ್ಸನ್ನು ಅದೇ ಜ್ವರದಲ್ಲಿ, ಮೊದಲ ಸಲ ಕಂಡಿದೆ.

ಮರುವರ್ಷ ಇನ್ನೊಂದು ತುಂಡು ಸೇರಿತು. 1948ರ ಜನವರಿ 11 ಮತ್ತು 12ರಂದು ಅದೇ ಕಾಡಿನಲ್ಲಿ ಹಿಡಿದ 86 ಈಡಿಸ್ ಆಫ್ರಿಕಾನಸ್ ಸೊಳ್ಳೆಗಳನ್ನು ಒಟ್ಟಿಗೆ ಅರೆದು ಇಲಿಗೆ ಕೊಟ್ಟಾಗ ಅದೇ ವೈರಸ್ ಬಂತು. 86ರಲ್ಲಿ ಎಷ್ಟರಲ್ಲಿ ಇತ್ತು? ಒಟ್ಟಿಗೆ ಅರೆದರೆ ಅದು ತಿಳಿಯುವುದಿಲ್ಲ, ಒಂದರಲ್ಲಾದರೂ ಇತ್ತು ಅಂತ ಮಾತ್ರ ಹೇಳಬಹುದು. ಆದರೂ ಕೋತಿ, ಸೊಳ್ಳೆ, ಕಾಡು ಮೂರೂ ಒಂದೇ ಗೆರೆಗೆ ಬಂದವು. 1952ರಲ್ಲಿ ಪ್ರಬಂಧ ಅಚ್ಚಾಯಿತು. ಕಾಡಿನ ಹೆಸರೇ ವೈರಸ್ಸಿನ ಹೆಸರಾಯಿತು.

ಆಮೇಲೆ ಅರವತ್ತು ವರ್ಷ

ಇಷ್ಟು ಚೊಕ್ಕವಾಗಿ ಹಿಡಿದ ವೈರಸ್ಸಿನ ಗತಿ ಏನಾಯಿತು? ಹೆಚ್ಚೇನೂ ಆಗಲಿಲ್ಲ.

ಕೆಲಸ ನಿಂತುಹೋಯಿತು ಅಂತಲ್ಲ. 1956ರಲ್ಲಿ ಊರ ಸೊಳ್ಳೆ ಈಡಿಸ್ ಈಜಿಪ್ಟೈ ಕೂಡ ಇದನ್ನು ದಾಟಿಸಬಲ್ಲದು ಅಂತ ಲ್ಯಾಬಿನಲ್ಲಿ ತೋರಿಸಿದರು. 1966ರಲ್ಲಿ ಮಲೇಷ್ಯಾದಲ್ಲಿ ಹೊರಗಿನಿಂದ ಹಿಡಿದ ಅದೇ ಜಾತಿಯ ಸೊಳ್ಳೆಗಳಲ್ಲಿ ವೈರಸ್ ಸಿಕ್ಕಿತು. ಕಾಡಿನ ವೈರಸ್ ಊರ ಸೊಳ್ಳೆಗೂ ಏರಿದೆ, ಅದೂ ಇನ್ನೊಂದು ಖಂಡದಲ್ಲಿ. ಇವತ್ತು ಓದುವಾಗ ಆ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆಯಬೇಕು ಅನ್ನಿಸುತ್ತದೆ. ಆಗ ಯಾರಿಗೂ ಹಾಗೆ ಅನ್ನಿಸಿದಂತೆ ಕಾಣುವುದಿಲ್ಲ.

ಯಾಕೆಂದರೆ ಮನುಷ್ಯರಲ್ಲಿ ಕಾಯಿಲೆ ಕಾಣುತ್ತಿರಲಿಲ್ಲ. ಉಗಾಂಡಾದಲ್ಲಿ ವೈರಸ್ ಕೆಲಸ ಮಾಡುತ್ತಿದ್ದ ಸಿಂಪ್ಸನ್ ಅನ್ನುವ ವಿಜ್ಞಾನಿಗೆ ಅದು ತಗುಲಿತು. 1964ರಲ್ಲಿ ಆತ ತನ್ನದೇ ಕಾಯಿಲೆಯ ವರದಿ ಬರೆದ: ಸ್ವಲ್ಪ ತಲೆನೋವು, ಮೈಮೇಲೆ ದದ್ದು, ಸಣ್ಣ ಜ್ವರ, ಮೈಕೈ ನೋವು. ಕೆಲವೇ ದಿನ. ಆಮೇಲೆ ಎಲ್ಲ ಸರಿಹೋಯಿತು. ಇಂಥ ಕಾಯಿಲೆಗೆ ಯಾರು ವೈದ್ಯರ ಹತ್ತಿರ ಹೋಗುತ್ತಾರೆ? ಹೋದರೂ ಮಲೇರಿಯಾ, ಡೆಂಗಿ ಇರುವ ಕಡೆ ಇದನ್ನು ಬೇರೆ ಅಂತ ಯಾರು ಗುರುತಿಸುತ್ತಾರೆ? ರಕ್ತ ಪರೀಕ್ಷೆಯೂ ಕೈಕೊಡುತ್ತಿತ್ತು. ಝಿಕಾ, ಡೆಂಗಿ, ಹಳದಿ ಜ್ವರ ಎಲ್ಲ ಹತ್ತಿರದ ನೆಂಟರು, ಎಷ್ಟೋ ಪರೀಕ್ಷೆಗಳಲ್ಲಿ ಒಂದರ ಪ್ರತಿಕಾಯ ಇನ್ನೊಂದಕ್ಕೂ ಹೂಂ ಅಂದುಬಿಡುತ್ತದೆ. 2007ಕ್ಕೂ ಮೊದಲು ದಾಖಲಾದ ಮನುಷ್ಯರ ಪ್ರಕರಣಗಳು ಜಗತ್ತಿನಲ್ಲೆಲ್ಲ ಸೇರಿ ಹದಿನಾಲ್ಕು ಅಂತ ಸಾಮಾನ್ಯವಾಗಿ ಹೇಳುವ ಲೆಕ್ಕ.

ಡಿಕ್ ಮಾತ್ರ 1952ರಲ್ಲೇ ಒಂದು ಎಚ್ಚರಿಕೆ ಬರೆದಿಟ್ಟಿದ್ದ. ಮನುಷ್ಯರಲ್ಲಿ ಕಾಯಿಲೆ ಇನ್ನೂ ಗುರುತಾಗಿಲ್ಲ ಅಂದಮಾತ್ರಕ್ಕೆ ಅದು ಅಪರೂಪದ್ದು ಅಥವಾ ಮುಖ್ಯವಲ್ಲದ್ದು ಅಂತ ಅಲ್ಲ ಅನ್ನುವುದು ಅದರ ಸಾರ.

2007ರಲ್ಲಿ ಶಾಂತಸಾಗರದ ಯಾಪ್ ದ್ವೀಪದಲ್ಲಿ ದದ್ದು, ಜ್ವರ, ಕೆಂಗಣ್ಣು, ಕೀಲುನೋವಿನ ಅಲೆ ಎದ್ದಿತು. ಮೂರು ವರ್ಷ ಮೇಲ್ಪಟ್ಟವರಲ್ಲಿ ಸುಮಾರು ಶೇಕಡಾ 73 ಜನರಿಗೆ ಝಿಕಾ ತಗುಲಿತ್ತು ಅಂತ ಆಮೇಲೆ ಅಂದಾಜಾಯಿತು. ಆಸ್ಪತ್ರೆ ಸೇರುವಷ್ಟು ಯಾರಿಗೂ ಆಗಲಿಲ್ಲ. 2013ರಲ್ಲಿ ಫ್ರೆಂಚ್ ಪಾಲಿನೇಷ್ಯಾ, 2015ರಲ್ಲಿ ಬ್ರೆಜಿಲ್. ಅಲ್ಲಿ ತಲೆ ಸಣ್ಣದಾದ ಮಕ್ಕಳು ಹುಟ್ಟತೊಡಗಿದರು. 2016ರ ಫೆಬ್ರವರಿ 1ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ಆರೋಗ್ಯ ತುರ್ತುಸ್ಥಿತಿ ಘೋಷಿಸಿತು. ಗರ್ಭದಲ್ಲಿರುವ ಮಗುವಿನ ಬೆಳೆಯುತ್ತಿರುವ ಮಿದುಳನ್ನು ವೈರಸ್ ಹಾಳು ಮಾಡುತ್ತಿತ್ತು.

ಮಿದುಳು. 1947ರಲ್ಲಿ ಇಲಿಗಳು ಬಿದ್ದದ್ದೂ ಅಲ್ಲಿಂದಲೇ. ಹಾಗಂತ ಆಗಲೇ ತಿಳಿಯಬೇಕಿತ್ತು ಅನ್ನುವುದು ಅನ್ಯಾಯ. ಆ ವಿಧಾನದಲ್ಲಿ ಸಿಕ್ಕ ವೈರಸ್‌ಗಳೆಲ್ಲ ಇಲಿಯ ಮಿದುಳಿನಲ್ಲಿ ಬೆಳೆದವೇ. ಎಲ್ಲದಕ್ಕೂ ಒಂದೇ ಲಕ್ಷಣ ಇದ್ದಾಗ ಅದು ಸುಳಿವು ಅಂತ ಅನ್ನಿಸುವುದಿಲ್ಲ.

ಬಲೆಗೆ ಬೀಳದವು

ಇಲಿಯ ಮಿದುಳು ಇಷ್ಟು ಹಿಡಿಯಿತು, ಸರಿ. ಅದು ಬಿಟ್ಟದ್ದೆಷ್ಟು?

1975ರಲ್ಲಿ ಸ್ಟೋಲರ್ ಮತ್ತು ಥಾಮಸ್ ಎಂಬಿಬ್ಬರು ಈಡಿಸ್ ಈಜಿಪ್ಟೈ ಸೊಳ್ಳೆಯ ಜೀವಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸುತ್ತಿದ್ದಾಗ ಒಂದು ವಿಚಿತ್ರ ಕಂಡರು. ಅದರಲ್ಲಿ ಏನೋ ಇದೆ, ಅದನ್ನು ಇನ್ನೊಂದು ಜಾತಿಯ ಸೊಳ್ಳೆ ಕೋಶಗಳಿಗೆ ಸೇರಿಸಿದರೆ ಕೋಶಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಅದೊಂದು ವೈರಸ್, ಡೆಂಗಿ–ಝಿಕಾಗಳ ದೂರದ ನೆಂಟ. ಆದರೆ ಬೆನ್ನೆಲುಬಿರುವ ಪ್ರಾಣಿಗಳ ಕೋಶಗಳಲ್ಲಿ ಅದು ಬೆಳೆಯುವುದೇ ಇಲ್ಲ. ಸೊಳ್ಳೆಯೇ ಅದರ ಮನೆ. ಕೋಶಗಳನ್ನು ಕೂಡಿಸುವ ವೈರಸ್ ಅನ್ನುವ ಅರ್ಥದಲ್ಲೇ ಅದಕ್ಕೆ ಹೆಸರು ಬಿತ್ತು. ಬಹಳ ಕಾಲ ಅದನ್ನು ಲ್ಯಾಬಿನ ವಿಚಿತ್ರ ಅಂತಲೇ ನೋಡಿದರು. ಆಮೇಲೆ 2003ರಲ್ಲಿ ಕೀನ್ಯಾದ ಕಾಡುಸೊಳ್ಳೆಗಳಲ್ಲಿ ಅದರ ಬಂಧು ಕಾಮಿಟಿ ರಿವರ್ ವೈರಸ್ ಸಿಕ್ಕ ಸುದ್ದಿ ಬಂತು. 2006ರಲ್ಲಿ ಪೋರ್ಟೊರಿಕೊದ ಸೊಳ್ಳೆಗಳಲ್ಲಿ ಕೋಶ ಕೂಡಿಸುವ ಆ ಮೊದಲಿನ ವೈರಸ್ಸೇ ಸಿಕ್ಕಿತು. ಕೀಟಕ್ಕೆ ಮಾತ್ರ ಸೀಮಿತವಾದ ವೈರಸ್‌ಗಳು ಒಂದು ದೊಡ್ಡ ಬಳಗವೇ ಇವೆ ಅಂತ ಆಗ ಗಮನ ಹರಿಯಿತು.

ಇಂಥ ವೈರಸ್ 766ರ ಕಾಡಿನ ಸೊಳ್ಳೆಗಳಲ್ಲಿ ತುಂಬಿ ತುಳುಕುತ್ತಿದ್ದರೂ ಎಂಟೆಬೆಯ ಇಲಿಗಳು ಆರಾಮಾಗಿ ಇರುತ್ತಿದ್ದವು. ತಂಡ ಪುಸ್ತಕದಲ್ಲಿ ‘ಏನೂ ಇಲ್ಲ’ ಅಂತ ಬರೆಯುತ್ತಿತ್ತು.

ಈಗ ಇಲಿ ಬೇಕಿಲ್ಲ. ಸೊಳ್ಳೆಯಲ್ಲಿರುವ ಆರ್‌ಎನ್‌ಎ (ಇಂಥ ವೈರಸ್‌ಗಳ ವಂಶಮಾಹಿತಿ ಬರೆದಿರುವ ಅಣು) ಎಲ್ಲವನ್ನೂ ತೆಗೆದು ಯಂತ್ರಕ್ಕೆ ಕೊಟ್ಟರೆ ಅದು ಅಕ್ಷರ ಅಕ್ಷರ ಓದಿ ಕೊಡುತ್ತದೆ. ಕೋಟಿಗಟ್ಟಲೆ ಚೂರುಗಳು. ಅವನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಒಂದು ಗುರುತು ಹುಡುಕುತ್ತಾರೆ: ಆರ್‌ಎನ್‌ಎಯಿಂದ ಆರ್‌ಎನ್‌ಎ ನಕಲು ಮಾಡುವ ಕಿಣ್ವದ ವಂಶವಾಹಿ. ಆರ್‌ಎನ್‌ಎ ವೈರಸ್‌ಗಳ ಬದುಕು ನಡೆಯುವುದು ಈ ಕಿಣ್ವದಿಂದ. ಉಳಿದ ಭಾಗ ಎಷ್ಟೇ ಬದಲಾಗಿರಲಿ, ಇದರ ಮುಖಚಹರೆ ಸ್ವಲ್ಪವಾದರೂ ಉಳಿದಿರುತ್ತದೆ. ಊರು ಬಿಟ್ಟು ಎಷ್ಟೋ ತಲೆಮಾರಾದ ಮನೆಯವರ ಮೂಗಿನಲ್ಲಿ ಹೋಲಿಕೆ ಉಳಿಯುವ ಹಾಗೆ.

ಈ ಬಲೆಯ ಕಣ್ಣು ಎಷ್ಟು ಸಣ್ಣದು ಅಂದರೆ, 2015ರಲ್ಲಿ ಚೀನಾದ ಝಾಂಗ್ ಯೊಂಗ್‌ಝೆನ್ ಮತ್ತು ಸಂಗಡಿಗರು ಸೊಳ್ಳೆ, ಉಣ್ಣೆ, ನೊಣ, ಜೇಡ ಹೀಗೆ 70 ಜಾತಿಯ ಸಂಧಿಪದಿಗಳನ್ನು ಓದಿಸಿದಾಗ 112 ಹೊಸ ವೈರಸ್‌ಗಳು ಬಂದವು. ಮರುವರ್ಷ ಅದೇ ಬಳಗ ಬೆನ್ನೆಲುಬಿಲ್ಲದ 220ಕ್ಕೂ ಹೆಚ್ಚು ಜಾತಿಗಳನ್ನು ನೋಡಿ 1,445 ವೈರಸ್‌ಗಳನ್ನು ಪಟ್ಟಿ ಮಾಡಿತು. ಎಂಟೆಬೆಯಲ್ಲಿ ಹತ್ತು ವರ್ಷಕ್ಕೆ ಬೆರಳೆಣಿಕೆಯಷ್ಟು ಸಿಕ್ಕಿದ್ದವು ಅನ್ನುವುದು ನೆನಪಿರಲಿ.

ಕಾಡಿನ ಕೆಲಸ ಮಾತ್ರ ಹಾಗೇ ಉಳಿದಿದೆ. ಹಿಡಿದ ಸೊಳ್ಳೆಯನ್ನು ಬೇಗ ತಂಪಿನಲ್ಲಿ ಇಡಬೇಕು, ಇಲ್ಲದಿದ್ದರೆ ಆರ್‌ಎನ್‌ಎ ಒಡೆದು ಪುಡಿಯಾಗುತ್ತದೆ. ತಣ್ಣನೆಯ ತಟ್ಟೆ ಮೇಲೆ ಹರಡಿ, ಸೂಕ್ಷ್ಮದರ್ಶಕದ ಕೆಳಗೆ ಚಿಮಟದಿಂದ ಒಂದೊಂದನ್ನೇ ತಿರುಗಿಸಿ ಜಾತಿ ನೋಡಬೇಕು. ಕಾಲಿನ ಬಿಳಿ ಪಟ್ಟೆ, ಬೆನ್ನಿನ ಬೆಳ್ಳಿ ಚುಕ್ಕೆ, ಇಂಥವೇ ಗುರುತು. ಕಾಲುಗಳೋ, ಮುಟ್ಟಿದರೆ ಉದುರುತ್ತವೆ. ಒಂದು ಸೊಳ್ಳೆ ತಪ್ಪು ಗುಂಪಿಗೆ ಬಿದ್ದರೆ ಇಡೀ ಗುಂಪಿನ ಲೆಕ್ಕ ಹಾಳು. ಹೊಟ್ಟೆ ಕೆಂಪಗೆ ಉಬ್ಬಿದವನ್ನು ಬೇರೆ ಇಡಬೇಕು. ಅವು ಈಗಷ್ಟೇ ರಕ್ತ ಕುಡಿದಿವೆ. ಅವುಗಳಲ್ಲಿ ಸಿಗುವ ವೈರಸ್ ಸೊಳ್ಳೆಯದ್ದೋ, ಅದು ಕುಡಿದ ಹಸುವಿನದ್ದೋ ಹೇಳಲಾಗುವುದಿಲ್ಲ.

ಆ 86 ಸೊಳ್ಳೆಗಳು ಇವತ್ತು ಸಿಕ್ಕಿದ್ದರೆ

ಹೀಗೊಂದು ಲೆಕ್ಕ ಹಾಕಿ ನೋಡೋಣ. 1948ರ ಆ 86 ಸೊಳ್ಳೆಗಳು ಇವತ್ತಿನ ಲ್ಯಾಬಿಗೆ ಬಂದಿವೆ. ಯಂತ್ರ ಓದಿತು. ಪಟ್ಟಿ ಬಂತು.

ಪಟ್ಟಿಯಲ್ಲಿ ಝಿಕಾ ಇರುತ್ತದೆ. ಜೊತೆಗೆ ಸೊಳ್ಳೆಗೆ ಮಾತ್ರ ಬರುವ ವೈರಸ್‌ಗಳು ಇರಬಹುದು. ಸೊಳ್ಳೆ ಹೀರಿದ ಹೂವಿನ ರಸದ ಜೊತೆ ಬಂದ ಗಿಡದ ವೈರಸ್ ಇರಬಹುದು. ಹೊಟ್ಟೆಯೊಳಗಿನ ಶಿಲೀಂಧ್ರದ ವೈರಸ್ ಇರಬಹುದು. ಇನ್ನೂ ಒಂದು ಮೋಸ ಇದೆ. ಯಾವುದೋ ಕಾಲದಲ್ಲಿ ತಗುಲಿದ ವೈರಸ್ಸಿನ ತುಣುಕು ಈಡಿಸ್ ಸೊಳ್ಳೆಗಳ ಸ್ವಂತ ಜೀನುಗಳ ನಡುವೆ ಸೇರಿಹೋಗಿ ತಲೆಮಾರಿನಿಂದ ತಲೆಮಾರಿಗೆ ಬರುತ್ತಿರುತ್ತದೆ. ಯಂತ್ರಕ್ಕೆ ಅದೂ ವೈರಸ್ ಅಂತಲೇ ಕಾಣುತ್ತದೆ. ಅಲ್ಲಿ ವೈರಸ್ಸೇ ಇರುವುದಿಲ್ಲ, ಅದರ ಪಳೆಯುಳಿಕೆ ಇರುತ್ತದೆ.

ಇಷ್ಟರಲ್ಲಿ ಯಾವುದಕ್ಕೆ ಹೆದರಬೇಕು? ಪಟ್ಟಿ ಹೇಳುವುದಿಲ್ಲ. ಝಿಕಾವನ್ನು ನಾವೀಗ ಗುರುತಿಸಿದೆವು, ಯಾಕೆಂದರೆ ಅದು ಮೊದಲೇ ಗೊತ್ತಿದೆ. ಗೊತ್ತಿರದಿದ್ದರೆ ಅದು ಡೆಂಗಿಯ ಇನ್ನೊಂದು ನೆಂಟ ಅಂತ ಸಾಲಿನಲ್ಲಿ ಕೂತಿರುತ್ತಿತ್ತು. ನೆಂಟಸ್ತಿಕೆ ನೋಡಿ ಅನುಮಾನ ಪಡಬಹುದು, ಅದಕ್ಕಿಂತ ಮುಂದೆ ಹೋಗಲು ಆಗದು.

ಈಗ 766ರ ಜ್ವರದ ಕಡೆ ತಿರುಗಿ ನೋಡಿ. ಅದು ಕೊಟ್ಟದ್ದು ಒಂದೇ ವೈರಸ್. ಆದರೆ ಅದರ ಜೊತೆ ಇನ್ನೂ ಮೂರು ಸಂಗತಿ ಬಂದವು. ವೈರಸ್ ಜೀವಂತವಾಗಿದೆ. ಅದು ಮರದ ಮೇಲಿನ ಬೋನಿನವರೆಗೆ ತಾನೇ ಬಂದಿದೆ. ಕೋತಿಯ ರಕ್ತದಲ್ಲಿ ಅದು ಬೆಳೆಯುತ್ತದೆ. ಸಾವಿರ ಸಾಲಿನ ಪಟ್ಟಿಯಲ್ಲಿ ಈ ಮೂರೂ ಇರುವುದಿಲ್ಲ. ಹಳೆಯ ವಿಧಾನ ಒರಟು, ನಿಧಾನ, ಪ್ರಾಣಿಗಳ ಮಟ್ಟಿಗೆ ಕ್ರೂರ, ಎಲ್ಲ ಒಪ್ಪಿಕೊಂಡೆ. ಆದರೂ ಅದು ಕೇಳುತ್ತಿದ್ದ ಪ್ರಶ್ನೆ ಸರಿಯಾಗಿತ್ತು: ಯಾರನ್ನು ತಾಗುತ್ತದೆ? ಯಂತ್ರ ಕೇಳುವುದು ಏನೇನಿದೆ ಅಂತ. ಈಗ ಎಚ್ಚರದಿಂದ ಕೆಲಸ ಮಾಡುವವರು ಪಟ್ಟಿ ಬಂದಮೇಲೆ ಕೋಶಗಳ ಹತ್ತಿರ ವಾಪಸ್ ಹೋಗುತ್ತಾರೆ. ಸೊಳ್ಳೆಯ ಕೋಶದಲ್ಲಿ ಬೆಳೆಸುತ್ತಾರೆ, ಸಸ್ತನಿಯ ಕೋಶದಲ್ಲಿ ಬೆಳೆಯುತ್ತದಾ ನೋಡುತ್ತಾರೆ, ಸುತ್ತಲಿನ ಪ್ರಾಣಿಗಳ, ಜನರ ರಕ್ತದಲ್ಲಿ ಪ್ರತಿಕಾಯ ಹುಡುಕುತ್ತಾರೆ. ಹೊಸ ವೈರಸ್ ಅನ್ನುವ ಸುದ್ದಿ ಬಂದಾಗಲೆಲ್ಲ ನಾನು ಮೊದಲು ಹುಡುಕುವುದು ಈ ಎರಡನೇ ಭಾಗವನ್ನೇ. ತುಂಬ ಸಲ ಅದು ಇರುವುದೇ ಇಲ್ಲ.

ಪಟ್ಟಿ ಸುಮ್ನೆ ಅಂತ ಮಾತ್ರ ನಾನು ಹೇಳಲಾರೆ. 2011ರಲ್ಲಿ ಜರ್ಮನಿಯ ಶ್ಮಾಲೆನ್‌ಬರ್ಗ್ ಹತ್ತಿರ ಹಸುಗಳಿಗೆ ಜ್ವರ ಬಂದು ಹಾಲು ಕಡಿಮೆಯಾಯಿತು. ಗೊತ್ತಿರುವ ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ಹಸುಗಳ ರಕ್ತವನ್ನು ಯಂತ್ರದಲ್ಲಿ ಓದಿಸಿದಾಗ ಬೆರಳೆಣಿಕೆಯ ಚೂರುಗಳು ಒಂದು ಗುಂಪಿನ ಕಡೆ ಕೈ ತೋರಿಸಿದವು. ಅದು ಉಗಾಂಡಾದಲ್ಲಿ 1943ರಲ್ಲಿ ಸಿಕ್ಕಿತ್ತಲ್ಲ, ಆ ಬುನ್ಯಾಮ್ವೆರಾದ ಬಳಗ. ಆ ಬಳಗದ ಕೆಲವು ವೈರಸ್‌ಗಳನ್ನು ಕ್ಯುಲಿಕಾಯಿಡಿಸ್ ಅನ್ನುವ, ಸಾಸಿವೆಯಷ್ಟು ಸಣ್ಣ ಕಚ್ಚುವ ನೊರಜುಗಳು ಹರಡುತ್ತವೆ, ಗಬ್ಬದ ದನಕುರಿಗಳಲ್ಲಿ ಕರುಮರಿಗಳು ಅಂಗ ಊನವಾಗಿ ಹುಟ್ಟುತ್ತವೆ ಅನ್ನುವುದು ಹಳೆಯ ಕೆಲಸದಿಂದ ಗೊತ್ತಿತ್ತು. ಹಾಗಾಗಿ ಎಲ್ಲಿ ನೋಡಬೇಕು ಅಂತ ತಿಳಿಯಿತು. ನೊರಜುಗಳಲ್ಲಿ ವೈರಸ್ ಸಿಕ್ಕಿತು, ಊನವಾದ ಮರಿಗಳೂ ಬಂದವು. ಬುನ್ಯಾಮ್ವೆರಾ ಸಿಕ್ಕಾಗ ಅದರಿಂದ ಇಂಥ ಉಪಯೋಗ ಆದೀತು ಅಂತ ಯಾರೂ ಎಣಿಸಿರಲಾರರು. ಆಗ ಅದು ಹಳದಿ ಜ್ವರವಲ್ಲದ ಇನ್ನೊಂದು ಅಷ್ಟೇ.

766ರ ವೈರಸ್ ಈಗಲೂ ಇದೆ. ಎಂಆರ್ 766 ಅನ್ನುವ ಹೆಸರಿನಲ್ಲಿ ಜಗತ್ತಿನ ಎಷ್ಟೋ ಲ್ಯಾಬ್‌ಗಳ ಫ್ರೀಜರಿನಲ್ಲಿ ಕೂತಿದೆ. 2016ರಲ್ಲಿ ಎಲ್ಲರೂ ಝಿಕಾ ಕೆಲಸಕ್ಕೆ ಓಡಿದಾಗ ಎಷ್ಟೋ ಜನರ ಕೈಗೆ ಮೊದಲು ಸಿಕ್ಕಿದ್ದು ಅದೇ ಕೊಳವೆ. ಆದರೆ ಕಾಡಿನಿಂದ ಬಂದಮೇಲೆ ಅದನ್ನು ಇಲಿಯ ಮಿದುಳಿನಿಂದ ಮಿದುಳಿಗೆ ನೂರಕ್ಕೂ ಹೆಚ್ಚು ಸಲ ದಾಟಿಸಿದ್ದಾರೆ. ಆ ದಾರಿಯಲ್ಲಿ ಅದೂ ಬದಲಾಗಿದೆ. ಅದರ ಕೆಲವು ಪ್ರತಿಗಳಲ್ಲಿ ಹೊರಕವಚದ ಪ್ರೋಟೀನಿನ ಒಂದು ಸಣ್ಣ ತುಂಡು, ಸಕ್ಕರೆಯ ಸರಪಳಿ ಅಂಟಿಕೊಳ್ಳುವ ಜಾಗ, ಬಿಟ್ಟೇಹೋಗಿದೆ. ಹಾಗಾಗಿ ಈಗ ಪ್ರಬಂಧ ಬರೆಯುವವರು ತಮ್ಮ ಎಂಆರ್ 766 ಯಾವ ಲ್ಯಾಬಿನಿಂದ ಬಂತು, ಎಷ್ಟನೇ ದಾಟು ಅನ್ನುವುದನ್ನೂ ಬರೆಯಬೇಕಾಗಿದೆ.